ಮಾದರಿ ಪತ್ರದಿಂದ ಮಿಂಚಂಚೆಯವರೆಗೆ



ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುವುದನ್ನು ನೀವೆಲ್ಲ ಕಲಿತಿದ್ದೀರಿ. ವ್ಯಾಕರಣ ಪುಸ್ತಕದ ಕೊನೆಯ ಪುಟಗಳಲ್ಲಿ ಅದಕ್ಕೊಂದು ಮಾದರಿ ಇರುತ್ತದೆ. ಮೇಲೆ ‘ಇಂದ’, ಅದರ ಕೆಳಗೆ ‘ಅ ಬ ಕ, ಹತ್ತನೆಯ ತರಗತಿ’. ಆಮೇಲೆ ‘ಇವರಿಗೆ’, ‘ಮಾನ್ಯರೇ’. ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’. ಜ್ವರ ಬಂದ ಹುಡುಗನೊಬ್ಬ ಆ ಪತ್ರವನ್ನು ನೋಡಿ ಬರೆಯುವಾಗ ತನ್ನ ಹೆಸರಿನ ಜಾಗದಲ್ಲೂ ‘ಅ ಬ ಕ’ ಎಂದೇ ಬರೆದು ತಮ್ಮನ ಕೈಯಲ್ಲಿ ಕಳುಹಿಸುತ್ತಾನೆ. ಮೇಷ್ಟರು ಗಟ್ಟಿಯಾಗಿ ಓದುತ್ತಾರೆ, ತರಗತಿಯೆಲ್ಲ ನಗುತ್ತದೆ.

ನಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಪತ್ರದಲ್ಲಿ ಯಾವ ಮಾತನ್ನು ಇದ್ದ ಹಾಗೆಯೇ ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆದು ತನ್ನದನ್ನು ಬರೆಯಬೇಕು ಎಂದು ಪುಸ್ತಕ ಎಲ್ಲಾದರೂ ಹೇಳಿತ್ತೇ? ‘ಮಾನ್ಯರೇ’ ಎಂಬುದನ್ನು ಬದಲಾಯಿಸಬಾರದು, ‘ಅ ಬ ಕ’ ಎಂಬುದನ್ನು ಬದಲಾಯಿಸಲೇಬೇಕು. ಅಚ್ಚಿನಲ್ಲಿ ಮಾತ್ರ ಎರಡೂ ಒಂದೇ ಬಗೆಯ ಅಕ್ಷರ, ಒಂದೇ ಕಪ್ಪು ಮಸಿ. ಬಲ್ಲವರಿಗೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ. ಆದರೆ ಮಾದರಿಯನ್ನು ನೋಡಿ ಬರೆಯುವವನು ಬಲ್ಲವನಲ್ಲವಲ್ಲ!

ಇದೇ ತೊಡಕು ಗಣಕಯಂತ್ರಗಳ ಲೋಕದಲ್ಲಿ, ಅದರಲ್ಲೂ ಇ-ಮೇಲ್ ಅಥವಾ ಮಿಂಚಂಚೆಯನ್ನು ಹಂಚುವ ತಂತ್ರಾಂಶಗಳ ಕೈಪಿಡಿಗಳಲ್ಲಿ, ಹಲವು ವರ್ಷ ಜನರನ್ನು ಕಾಡಿತು. ಅದನ್ನು ಮೆಲ್ಲಮೆಲ್ಲನೆ ಹೇಗೆ ಬಿಡಿಸಿಕೊಂಡರು ಎಂಬುದು ಈ ಲೇಖನದ ವಿಷಯ. ತಂತ್ರಜ್ಞಾನದ ಇತಿಹಾಸವೆಂದರೆ ಯಂತ್ರಗಳ ವೇಗ ಹೆಚ್ಚಿದ ಕಥೆ ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯಂತ್ರದ ಜೊತೆಗೆ ಬರುವ ಪುಸ್ತಕ ಓದುವಂತಾದ ಕಥೆಯೂ ಅದರಲ್ಲಿ ಸೇರಿದೆ.

ವಿಳಾಸಗಳ ಗೊಂದಲ

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಅರ್ಪಾನೆಟ್ ಜಾಲದ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪತ್ರ ಕಳುಹಿಸುವ ವಿಧಾನವನ್ನು ರೂಪಿಸಿದರು. ವ್ಯಕ್ತಿಯ ಹೆಸರು, ಯಂತ್ರದ ಹೆಸರು, ನಡುವೆ @ ಚಿಹ್ನೆ. ಇಂದಿಗೂ ನಾವು ಬರೆಯುವ ಕ್ರಮ ಅದೇ. ಆದರೆ ಆ ದಶಕದ ಕೊನೆಯ ಹೊತ್ತಿಗೆ ಜಾಲಗಳು ಹಲವಾಗಿದ್ದವು, ಪ್ರತಿಯೊಂದಕ್ಕೂ ತನ್ನದೇ ವಿಳಾಸದ ಪದ್ಧತಿ ಇತ್ತು.

ದೂರವಾಣಿ ತಂತಿಯ ಮೂಲಕ ಯಂತ್ರದಿಂದ ಯಂತ್ರಕ್ಕೆ ಪತ್ರ ದಾಟಿಸುತ್ತಿದ್ದ ಯುಯುಸಿಪಿ ಪದ್ಧತಿಯಲ್ಲಿ ದಾರಿಯ ಪ್ರತಿಯೊಂದು ನಿಲ್ದಾಣವನ್ನೂ ಬರೆಯಬೇಕಿತ್ತು, ನಡುವೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟು. ‘ಅ!ಬ!ಕ’ ಎಂದರೆ ಮೊದಲು ‘ಅ’ ಯಂತ್ರಕ್ಕೆ ಹೋಗಿ, ಅಲ್ಲಿಂದ ‘ಬ’ ಯಂತ್ರಕ್ಕೆ ಹೋಗಿ, ಅಲ್ಲಿರುವ ‘ಕ’ ಎಂಬ ವ್ಯಕ್ತಿಗೆ ಕೊಡು ಎಂದರ್ಥ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿ ಬರ್ಕ್‌ನೆಟ್ ಎಂಬ ಒಳಜಾಲವಿತ್ತು. ಮುಂದೆ ಗೂಗಲ್ ಸಂಸ್ಥೆಯ ಮುಖ್ಯಸ್ಥರಾದ ಎರಿಕ್ ಶ್ಮಿಟ್ ವಿದ್ಯಾರ್ಥಿಯಾಗಿದ್ದಾಗ ರಚಿಸಿದ ಜಾಲವದು. ಅದರಲ್ಲಿ ಯಂತ್ರದ ಹೆಸರು ಮೊದಲು, ಆಮೇಲೆ ವಿವರಣ ಚಿಹ್ನೆ, ಆಮೇಲೆ ವ್ಯಕ್ತಿ.

ಈಗ ‘ಅ!ಬ@ಕ’ ಎಂದು ಯಾರಾದರೂ ಬರೆದರೆ ಪತ್ರ ಮೊದಲು ಎಲ್ಲಿಗೆ ಹೋಗಬೇಕು? ‘ಅ’ ಯಂತ್ರಕ್ಕೋ, ‘ಕ’ ಯಂತ್ರಕ್ಕೋ? ಎರಡು ಅರ್ಥವೂ ಸಾಧ್ಯ. ಇಂಥ ಪತ್ರಗಳನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸಲು ಬರ್ಕ್ಲಿಯ ಎರಿಕ್ ಆಲ್ಮನ್ ಮೊದಲು ಡೆಲಿವರ್‌ಮೇಲ್ ಎಂಬ ತಂತ್ರಾಂಶ ಬರೆದರು. ಅದರಲ್ಲಿ ಜಾಲಗಳ ವಿವರ ತಂತ್ರಾಂಶದ ಒಳಗೇ ಸೇರಿಹೋಗಿತ್ತು. ಒಂದು ಸಣ್ಣ ಬದಲಾವಣೆಗೂ ಇಡೀ ತಂತ್ರಾಂಶವನ್ನು ಮತ್ತೆ ಸಿದ್ಧಪಡಿಸಬೇಕಿತ್ತು. ಆದ್ದರಿಂದ ಮುಂದಿನ ತಂತ್ರಾಂಶದಲ್ಲಿ ಅವರು ನಿಯಮಗಳನ್ನೆಲ್ಲ ಹೊರತೆಗೆದು ಒಂದು ಪ್ರತ್ಯೇಕ ಕಡತದಲ್ಲಿಟ್ಟರು. ಆ ತಂತ್ರಾಂಶವೇ ಸೆಂಡ್‌ಮೇಲ್. 1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆಗೆ ಅದು ಹೊರಬಂತು. ನಿಯಮಗಳಿದ್ದ ಆ ಕಡತವೇ ಕಾನ್ಫಿಗರೇಷನ್ ಫೈಲ್. ನಾವು ಅದನ್ನು ಹೊಂದಾಣಿಕೆ ಕಡತ ಎನ್ನೋಣ.

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದಲ್ಲಿಯೂ ಮೊದಲ ಪತ್ರಗಳು ಯುಯುಸಿಪಿ ಪದ್ಧತಿಯಲ್ಲಿಯೇ ದಾಟಿದವು. ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಆರಂಭದಿಂದ ಪಾಲುಗೊಂಡಿತ್ತು. ಮೇಲಿನ ಗೊಂದಲ ಎಲ್ಲೋ ದೂರದ ದೇಶದ ಗೊಂದಲವಾಗಿಯೇ ಉಳಿಯಲಿಲ್ಲ ಎಂದು ತಿಳಿಯಲಿ ಎಂದು ಈ ಮಾತು ಹೇಳಿದೆ.

ಯಂತ್ರಕ್ಕೆ ಸುಲಭ, ಮನುಷ್ಯನಿಗೆ ಕಷ್ಟ

ಸೆಂಡ್‌ಮೇಲ್ ಕಡತದ ಒಂದು ನಿಯಮವನ್ನು ನೋಡಿ. ರೋಮನ್ ಅಕ್ಷರವನ್ನು ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಚಿಹ್ನೆಗಳು ಇದ್ದ ಹಾಗೆಯೇ ಇವೆ.

ಆರ್$+@$+      $:$1<@$2>

ದೂರವಾಣಿ ತಂತಿಯಲ್ಲಿ ಗದ್ದಲವಾದಾಗ ಪರದೆಯ ಮೇಲೆ ಮೂಡುವ ಕಸದಂತಿದೆ ಎಂದು ಅಂದಿನ ತಂತ್ರಜ್ಞರು ತಮಾಷೆ ಮಾಡುತ್ತಿದ್ದರು. ಆದರೆ ಇದಕ್ಕೆ ಅರ್ಥವಿದೆ. ಆರಂಭದ ‘ಆರ್’ ಎಂದರೆ ಇದೊಂದು ನಿಯಮ. ‘$+’ ಎಂದರೆ ಒಂದು ಅಥವಾ ಹೆಚ್ಚು ಪದಗಳು. ಎಡಭಾಗ ಹೇಳುವುದಿಷ್ಟು: ಏನೋ ಒಂದು, ನಡುವೆ @, ಆಮೇಲೆ ಇನ್ನೇನೋ ಒಂದು ಇರುವ ವಿಳಾಸ ಸಿಕ್ಕರೆ. ಬಲಭಾಗ ಹೇಳುವುದು: ಮೊದಲನೆಯದನ್ನು ಹಾಗೆಯೇ ಇಟ್ಟು, @ ಮತ್ತು ಎರಡನೆಯದನ್ನು ಕೋನಾವರಣದೊಳಗೆ ಇಡು. ‘$:’ ಎಂದರೆ ಈ ಕೆಲಸವನ್ನು ಒಮ್ಮೆ ಮಾತ್ರ ಮಾಡು. ಒಟ್ಟಿನಲ್ಲಿ, ವಿಳಾಸದಲ್ಲಿ ಯಂತ್ರದ ಹೆಸರು ಯಾವುದೆಂದು ಗುರುತು ಮಾಡಿಕೊಳ್ಳುವ ನಿಯಮವಿದು. ಇಂಥ ನಿಯಮಗಳು ಒಂದರ ಕೆಳಗೊಂದು ಪುಟಗಟ್ಟಲೆ ಇರುತ್ತಿದ್ದವು.

ಇಷ್ಟು ಬಿಗಿಯಾಗಿ ಏಕೆ ಬರೆದರು? ಅಂದಿನ ಯಂತ್ರಗಳನ್ನು ನೆನೆಯಿರಿ. ಬರ್ಕ್ಲಿಯಲ್ಲಿದ್ದ ಪಿಡಿಪಿ-11 ಹದಿನಾರು ಬಿಟ್‌ಗಳ ಯಂತ್ರ. ಒಂದು ತಂತ್ರಾಂಶಕ್ಕೆ ಸಿಗುತ್ತಿದ್ದ ಸ್ಮೃತಿಯನ್ನು ಕಿಲೋಬೈಟುಗಳಲ್ಲಿ ಎಣಿಸಬೇಕಿತ್ತು. ಒಂದಕ್ಷರದ ಆದೇಶವನ್ನು ಯಂತ್ರ ಬೇಗ ಓದುತ್ತದೆ, ಅದು ಜಾಗವನ್ನೂ ಕಡಿಮೆ ಬೇಡುತ್ತದೆ. ಅಂದರೆ ಆ ಕಡತವನ್ನು ರಚಿಸಿದಾಗ ಮನಸ್ಸಿನಲ್ಲಿದ್ದ ಓದುಗ ಯಂತ್ರ. ಅದು ಆ ಕಾಲಕ್ಕೆ ಸರಿಯಾದ ತೀರ್ಮಾನವೇ. ಆದರೆ ಯಂತ್ರಗಳು ಬೆಳೆದವು, ಜಾಲ ಹರಡಿತು, ಆ ಕಡತವನ್ನು ತಿದ್ದಬೇಕಾದ ಮನುಷ್ಯರ ಸಂಖ್ಯೆ ಹೆಚ್ಚಿತು. ಕಡತ ಮಾತ್ರ ಹಾಗೆಯೇ ಉಳಿಯಿತು.

ಕಾಣದ ಅಕ್ಷರ

ಮೇಲಿನ ನಿಯಮದಲ್ಲಿ ಇನ್ನೊಂದು ಸಂಗತಿಯಿದೆ, ಅದು ನಿಮ್ಮ ಕಣ್ಣಿಗೆ ಕಾಣುತ್ತಿಲ್ಲ. ಎಡಭಾಗಕ್ಕೂ ಬಲಭಾಗಕ್ಕೂ ನಡುವೆ ಇರುವ ಖಾಲಿ ಜಾಗ ಬರಿಯ ಖಾಲಿ ಜಾಗವಲ್ಲ. ಅಲ್ಲಿ ಟ್ಯಾಬ್ ಕೀಲಿಯನ್ನೇ ಒತ್ತಬೇಕು. ಅದರ ಬದಲು ಸ್ಪೇಸ್ ಕೀಲಿಯನ್ನು ಎಂಟು ಸಲ ಒತ್ತಿದರೂ ಕಣ್ಣಿಗೆ ಒಂದೇ ರೀತಿ ಕಾಣುತ್ತದೆ, ಆದರೆ ನಿಯಮ ಕೆಲಸ ಮಾಡುವುದಿಲ್ಲ.

ಈ ಪದ್ಧತಿಗೆ ಒಬ್ಬ ಅಣ್ಣನಿದ್ದ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಉಪಕರಣವನ್ನು ರಚಿಸಿದರು. ಅದರಲ್ಲಿಯೂ ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಇದು ತೊಡಕಿನದೆಂದು ಅವರಿಗೆ ಬೇಗನೆ ತಿಳಿಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರಾಗಿದ್ದರು, ಹೆಚ್ಚಿನವರು ಗೆಳೆಯರು. ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕಾಗಿ ಉಳಿದ ಟ್ಯಾಬ್ ಇಂದಿಗೂ ಲಕ್ಷಾಂತರ ವಿದ್ಯಾರ್ಥಿಗಳನ್ನು ಪ್ರಯೋಗಾಲಯದಲ್ಲಿ ಸತಾಯಿಸುತ್ತಿದೆ.

ಇಂಥ ಕಡತದ ಉದಾಹರಣೆಯನ್ನು ಪುಸ್ತಕದಲ್ಲಿ ಅಚ್ಚು ಹಾಕಿದಾಗ ಏನಾಗುತ್ತದೆ ಎಂದು ಯೋಚಿಸಿ. ಕಾಗದದ ಮೇಲೆ ಟ್ಯಾಬ್ ಎಂಬುದೇ ಇಲ್ಲ, ಬಿಳಿಯ ಜಾಗ ಮಾತ್ರ ಇದೆ. ಓದುಗ ಎಷ್ಟೇ ಶ್ರದ್ಧೆಯಿಂದ ನೋಡಿ ಬರೆದರೂ ಅದನ್ನು ಕಾಣಲಾರ. ಪರದೆಯಿಂದ ಪರದೆಗೆ ಪಠ್ಯವನ್ನು ಎತ್ತಿ ಅಂಟಿಸುವ ಸೌಲಭ್ಯ ಬಂದ ಮೇಲೂ ತೊಂದರೆ ತಪ್ಪಲಿಲ್ಲ, ಏಕೆಂದರೆ ಹಾಗೆ ಎತ್ತುವಾಗ ಟ್ಯಾಬ್ ಹೋಗಿ ಸ್ಪೇಸ್‌ಗಳು ಬಂದು ಕೂರುತ್ತಿದ್ದವು. ಟ್ಯಾಬ್‌ಗೆ ಅರ್ಥ ಕೊಟ್ಟಿದ್ದು ತಪ್ಪಾಯಿತೆಂದು ಆಲ್ಮನ್ ಅವರೂ ಹಿಂತಿರುಗಿ ನೋಡಿದಾಗ ಒಪ್ಪಿಕೊಂಡಿದ್ದಾರೆ.

ಬಾವಲಿಯ ಪುಸ್ತಕ

1993ರಲ್ಲಿ ಸೆಂಡ್‌ಮೇಲ್‌ನ ಎಂಟನೆಯ ಆವೃತ್ತಿ ಬಂತು. ಅದೇ ವರ್ಷ ಬ್ರಯನ್ ಕೋಸ್ಟೇಲ್ಸ್ ಮುಖ್ಯ ಲೇಖಕರಾಗಿದ್ದ ‘ಸೆಂಡ್‌ಮೇಲ್’ ಎಂಬ ಪುಸ್ತಕವೂ ಪ್ರಕಟವಾಯಿತು. ರಕ್ಷಾಪುಟದ ಮೇಲೆ ಬಾವಲಿಯ ಚಿತ್ರವಿದ್ದುದರಿಂದ ಅದು ಬಾವಲಿ ಪುಸ್ತಕವೆಂದೇ ಹೆಸರಾಯಿತು. 1997ರ ಎರಡನೆಯ ಆವೃತ್ತಿ ಸಾವಿರ ಪುಟಗಳನ್ನು ದಾಟಿತು. ಒಂದು ತಂತ್ರಾಂಶದ ಹೊಂದಾಣಿಕೆಯನ್ನು ವಿವರಿಸಲು ಸಾವಿರ ಪುಟ! ಆ ಪುಸ್ತಕದ ಗುಣವೆಂದರೆ, ಅದು ಪೂರ್ಣ ಕಡತವನ್ನು ಮೊದಲೇ ಓದುಗನ ಮುಂದೆ ಸುರಿಯಲಿಲ್ಲ. ಕೆಲವೇ ಸಾಲುಗಳ ಪುಟ್ಟ ಕಡತದಿಂದ ಆರಂಭಿಸಿ, ಅಧ್ಯಾಯಕ್ಕೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಯಿತು. ಗಣಿತದ ಮೇಷ್ಟರು ಕಪ್ಪುಹಲಗೆಯ ಮೇಲೆ ಹಂತಹಂತವಾಗಿ ಲೆಕ್ಕ ಬಿಡಿಸುವ ಹಾಗೆ.

ಎಂಟನೆಯ ಆವೃತ್ತಿಯಲ್ಲಿ ಇನ್ನೊಂದು ಅನುಕೂಲವಾಯಿತು. ಬಳಕೆದಾರ ಗೂಢಲಿಪಿಯಂಥ ಕಡತವನ್ನು ನೇರವಾಗಿ ಮುಟ್ಟಬೇಕಾಗಿರಲಿಲ್ಲ. ‘ಈ ಸೌಲಭ್ಯ ಬೇಕು, ಈ ಯಂತ್ರದ ಮೂಲಕ ಕಳುಹಿಸು’ ಎಂದು ಕೆಲವು ಸಾಲು ಬರೆದರೆ, ‘ಎಂ-ಫೋರ್’ ಎಂಬ ಇನ್ನೊಂದು ಉಪಕರಣ ಅದನ್ನು ವಿಸ್ತರಿಸಿ ಪೂರ್ಣ ಕಡತವನ್ನು ತಯಾರಿಸುತ್ತಿತ್ತು. ಎಂ-ಫೋರ್ 1977ರಲ್ಲಿ ಬ್ರಯನ್ ಕರ್ನಿಗನ್ ಮತ್ತು ಡೆನಿಸ್ ರಿಚಿ ರಚಿಸಿದ್ದು. ಇದರಿಂದ ಉದಾಹರಣೆಗಳು ಚಿಕ್ಕವಾದವು, ಓದಲು ಬರುವಂತಾದವು.

ಆದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಕಿಟಕಿಯಿಂದ ತೊಂದರೆ ಒಳಗೆ ಬಂತು. ಎಂ-ಫೋರ್‌ನಲ್ಲಿ ಮಾತನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಆರಂಭಕ್ಕೆ ಒಂದು ಚಿಹ್ನೆ, ಅಂತ್ಯಕ್ಕೆ ಬೇರೆಯೇ ಚಿಹ್ನೆ. ಎರಡೂ ಕೀಲಿಮಣೆಯ ಬೇರೆ ಬೇರೆ ಮೂಲೆಯಲ್ಲಿರುತ್ತವೆ. ಅಚ್ಚಿನಲ್ಲಿ ಅವು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಅಂದವಾಗಿ ಕಾಣಲೆಂದು ಪುಟವಿನ್ಯಾಸದ ತಂತ್ರಾಂಶ ಚಿಹ್ನೆಗಳನ್ನು ತಾನಾಗಿಯೇ ಬಾಗಿಸಿಬಿಟ್ಟರಂತೂ ಉದಾಹರಣೆ ಕೆಟ್ಟಿತೆಂದೇ ಅರ್ಥ. ಕಥೆ ಕಾದಂಬರಿಗೆ ಅಲಂಕಾರವಾದದ್ದು ಇಲ್ಲಿ ದೋಷವಾಯಿತು.

ನನ್ನದೊಂದು ತಪ್ಪು

ಇಲ್ಲಿ ನನ್ನ ಅನುಭವವನ್ನು ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನು ಒಂದು ಸಣ್ಣ ಕಚೇರಿಯಲ್ಲಿ ಕಾರ್ಯಕ್ರಮ ಸಹಾಯಕನಾಗಿದ್ದೆ. ‘ನೀನು ಬಿ.ಎಸ್ಸಿ. ಅಲ್ಲವೇನಪ್ಪಾ, ಇದನ್ನೂ ನೀನೇ ನೋಡಿಕೋ’ ಎಂದು ಹಿರಿಯರು ಮೇಲ್ ಯಂತ್ರದ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಭೌತಶಾಸ್ತ್ರ ಓದಿದವನಿಗೆ ಇದೆಲ್ಲ ಬರುತ್ತದೆ ಎಂಬ ನಂಬಿಕೆ ಅವರದು. ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಮುದ್ರಿತ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಕೀಲಿಸಿದೆ. ಹೊರಹೋಗುವ ಪತ್ರಗಳನ್ನೆಲ್ಲ ಯಾವ ಯಂತ್ರದ ಮೂಲಕ ಕಳುಹಿಸಬೇಕು ಎಂಬ ಸಾಲಿನಲ್ಲಿ ಒಂದು ಸಂಖ್ಯಾ ವಿಳಾಸವಿತ್ತು. ಅದನ್ನೂ ಹಾಗೆಯೇ ಕೀಲಿಸಿದೆ. ಅದು ಉದಾಹರಣೆಗೆಂದು ಕೊಟ್ಟ ಸಂಖ್ಯೆ, ಅದರ ಜಾಗದಲ್ಲಿ ನಮ್ಮ ಸಂಖ್ಯೆ ಬರೆಯಬೇಕು ಎಂದು ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಆಮೇಲೆ ಪಕ್ಕದ ಮೇಜಿನ ಗೆಳೆಯನಿಗೆ ಒಂದು ಪತ್ರ ಕಳುಹಿಸಿ ನೋಡಿದೆ. ತಕ್ಷಣ ತಲುಪಿತು. ಗೆದ್ದೆ ಎಂದುಕೊಂಡೆ. ಕಚೇರಿಯೊಳಗಿನ ಪತ್ರಕ್ಕೆ ಆ ಹೊರಯಂತ್ರದ ಅಗತ್ಯವೇ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನನ್ನ ಪರೀಕ್ಷೆ ಪರೀಕ್ಷಿಸಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಪರೀಕ್ಷಿಸಿತ್ತು.

ಆ ವಾರ ಒಬ್ಬ ನಿವೃತ್ತ ಶಿಕ್ಷಕರ ಮಾತುಗಾರಿಕೆಯನ್ನು ಧ್ವನಿಮುದ್ರಿಸಬೇಕಿತ್ತು. ಹಳ್ಳಿಯ ಮಕ್ಕಳಿಗೆ ಮೂವತ್ತು ವರ್ಷ ನಕ್ಷತ್ರ ತೋರಿಸಿದವರು. ದಿನ, ಸಮಯ, ಬರಬೇಕಾದ ದಾರಿ ಎಲ್ಲವನ್ನೂ ಮೇಲ್‌ನಲ್ಲಿ ತಿಳಿಸುತ್ತೇವೆ ಎಂದು ಹೇಳಿದ್ದೆವು. ಅವರ ಮೊಮ್ಮಗ ದಿನವೂ ಪೇಟೆಯ ಸೈಬರ್ ಕೇಂದ್ರಕ್ಕೆ ಹೋಗಿ ನೋಡಿ ಬರುತ್ತಿದ್ದನಂತೆ. ಪತ್ರ ಹೋಗಿರಲೇ ಇಲ್ಲ, ನಮ್ಮ ಯಂತ್ರದ ಸರತಿಯಲ್ಲಿ ಕುಳಿತಿತ್ತು. ಸೆಂಡ್‌ಮೇಲ್ ಸಾಮಾನ್ಯವಾಗಿ ನಾಲ್ಕು ಗಂಟೆಯ ನಂತರ ‘ಇನ್ನೂ ತಲುಪಿಲ್ಲ’ ಎಂದು ಎಚ್ಚರಿಸುತ್ತದೆ, ಐದು ದಿನ ಪ್ರಯತ್ನಿಸಿ ಪತ್ರವನ್ನು ಹಿಂತಿರುಗಿಸುತ್ತದೆ. ಎಚ್ಚರಿಕೆ ಬಂದದ್ದು ಕಾರ್ಯಕ್ರಮದ ಹೆಸರಿನ ಖಾತೆಗೆ. ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಮುದ್ರಣದ ದಿನ ಅವರು ಬರಲಿಲ್ಲ. ‘ಕರೆದು ಮರೆತರು’ ಎಂದು ಅವರು ಅಂದುಕೊಂಡರು, ‘ಒಪ್ಪಿ ಬರಲಿಲ್ಲ’ ಎಂದು ನಾವು ಅಂದುಕೊಂಡೆವು. ಬೇರೊಬ್ಬರನ್ನು ಕೂರಿಸಿ ಕೆಲಸ ಮುಗಿಸಿದೆವು. ಐದನೆಯ ದಿನ ಪತ್ರ ಹಿಂತಿರುಗಿದಾಗ ವಿಷಯ ತಿಳಿಯಿತು. ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು ಕಾಫಿ ಕೊಟ್ಟರು. ಇನ್ನೊಮ್ಮೆ ಬನ್ನಿ ಸರ್ ಎಂದೆ, ಆಗಲಿ ಎಂದರು. ಆ ಇನ್ನೊಮ್ಮೆ ಬರುವ ಮೊದಲೇ ಅವರು ತೀರಿಕೊಂಡರು. ಅವರ ಧ್ವನಿ ನಮ್ಮ ಸಂಗ್ರಹದಲ್ಲಿ ಇಲ್ಲ.

ತಪ್ಪು ನನ್ನದೇ, ಅನುಮಾನವಿಲ್ಲ. ಅರ್ಥವಾಗದ್ದನ್ನು ಕೇಳದೆ ನಕಲು ಮಾಡಿದೆ. ಆದರೂ ಆ ಸಾಲಿನ ಕೆಳಗೆ ‘ಇಲ್ಲಿ ನಿಮ್ಮ ಸಂಖ್ಯೆ ಬರೆಯಿರಿ’ ಎಂಬ ನಾಲ್ಕು ಪದ ಇದ್ದಿದ್ದರೆ ಎಂದು ಆಗಾಗ ಅನಿಸುತ್ತದೆ.

ಯಾರದೂ ಅಲ್ಲದ ಹೆಸರು

ಅಂದು ಒಂದು ವಿಷಯದಲ್ಲಿ ಮಾತ್ರ ಅದೃಷ್ಟವಿತ್ತು, ಅದು ನನಗೆ ತಿಳಿದದ್ದು ತಡವಾಗಿ. ನಾನು ನಕಲು ಮಾಡಿದ ಸಂಖ್ಯೆ 192.0.2 ಎಂದು ಆರಂಭವಾಗುತ್ತಿತ್ತು. ಆ ಸರಣಿಯ 256 ವಿಳಾಸಗಳನ್ನು ಕೈಪಿಡಿಗಳ ಉದಾಹರಣೆಗೆಂದೇ ಬೇರೆ ತೆಗೆದಿಟ್ಟಿದ್ದಾರೆ. ಅಂತರಜಾಲದಲ್ಲಿ ಯಾರಿಗೂ ಅವನ್ನು ಕೊಡುವುದಿಲ್ಲ. ಆದ್ದರಿಂದ ನಮ್ಮ ಪತ್ರಗಳು ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಕೈಪಿಡಿಯ ಲೇಖಕ ತೋಚಿದ ಯಾವುದೋ ಸಂಖ್ಯೆ ಬರೆದಿದ್ದರೆ, ನಮ್ಮ ಕಚೇರಿಯ ಪತ್ರವೆಲ್ಲ ಅಪರಿಚಿತರೊಬ್ಬರ ಯಂತ್ರದ ಮುಂದೆ ಹೋಗಿ ನಿಲ್ಲುತ್ತಿತ್ತು.

ಹೆಸರುಗಳ ವಿಷಯದಲ್ಲಿಯೂ ಇದೇ ಅಪಾಯವಿತ್ತು. ಉದಾಹರಣೆಗೆಂದು ಲೇಖಕ ಕಲ್ಪಿಸಿದ ಹೆಸರನ್ನು ನಾಳೆ ಯಾರಾದರೂ ನಿಜವಾಗಿಯೇ ನೋಂದಾಯಿಸಬಹುದು. ಆಗ ಪುಸ್ತಕ ನೋಡಿ ನಕಲು ಮಾಡಿದವರ ಪತ್ರಗಳು ಅವರಿಗೆ ಹೋಗತೊಡಗುತ್ತವೆ. 1999ರ ಜೂನ್ ತಿಂಗಳಲ್ಲಿ ಡೊನಾಲ್ಡ್ ಈಸ್ಟ್‌ಲೇಕ್ ಮತ್ತು ಅಲೀಜಾ ಪಾನಿಟ್ಜ್ ಬರೆದ ಆರ್‌ಎಫ್‌ಸಿ 2606 ಎಂಬ ದಾಖಲೆ ಇದಕ್ಕೆ ಪರಿಹಾರ ನೀಡಿತು. ‘ಎಕ್ಸಾಂಪಲ್ ಡಾಟ್ ಕಾಮ್’, ‘ಎಕ್ಸಾಂಪಲ್ ಡಾಟ್ ನೆಟ್’, ‘ಎಕ್ಸಾಂಪಲ್ ಡಾಟ್ ಆರ್ಗ್’ ಎಂಬ ಮೂರು ಹೆಸರುಗಳನ್ನೂ, ‘ಟೆಸ್ಟ್’, ‘ಎಕ್ಸಾಂಪಲ್’, ‘ಇನ್‌ವ್ಯಾಲಿಡ್’, ‘ಲೋಕಲ್‌ಹೋಸ್ಟ್’ ಎಂಬ ನಾಲ್ಕು ಅಂತ್ಯಗಳನ್ನೂ ಯಾರಿಗೂ ಮಾರಬಾರದು ಎಂದು ಗೊತ್ತುಪಡಿಸಿತು. 2010ರ ಜನವರಿಯಲ್ಲಿ ಆರ್‌ಎಫ್‌ಸಿ 5737 ಸಂಖ್ಯಾ ವಿಳಾಸಗಳಿಗೂ 198.51.100 ಮತ್ತು 203.0.113 ಎಂಬ ಇನ್ನೆರಡು ಸರಣಿಗಳನ್ನು ಸೇರಿಸಿತು. ಒಂದೇ ಉದಾಹರಣೆಯಲ್ಲಿ ‘ನಮ್ಮ ಜಾಲ’, ‘ಅವರ ಜಾಲ’, ‘ಮೂರನೆಯವರ ಜಾಲ’ ಎಂದು ತೋರಿಸಲು ಒಂದು ಸರಣಿ ಸಾಲದಷ್ಟೆ.

ಇದು ನಮ್ಮ ‘ಅ ಬ ಕ’ದಂತೆಯೇ. ಯಾರ ಹೆಸರೂ ಅಲ್ಲ, ಆದ್ದರಿಂದ ಯಾರಿಗೂ ನೋವಿಲ್ಲ. ಜೊತೆಗೆ ಇನ್ನೊಂದು ಲಾಭ: ಕಡತದಲ್ಲಿ ಎಲ್ಲಿಯಾದರೂ ಎಕ್ಸಾಂಪಲ್ ಎಂಬ ಪದ ಕಂಡರೆ, ಇದು ಬದಲಾಯಿಸಬೇಕಾದದ್ದು ಎಂದು ಬಲ್ಲ ಓದುಗನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಸಾಲಿಗೊಂದು ಅರ್ಥ

1998ರಲ್ಲಿ ಎರಡು ಘಟನೆಗಳು ನಡೆದವು. ಅಲ್ಲಿಯವರೆಗೆ ಸೆಂಡ್‌ಮೇಲ್, ಬೇರೆ ಹೊಂದಾಣಿಕೆ ಮಾಡದಿದ್ದರೆ, ಯಾರು ಎಲ್ಲಿಗೆ ಪತ್ರ ಕೊಟ್ಟರೂ ದಾಟಿಸುತ್ತಿತ್ತು. ಪರಸ್ಪರ ಪರಿಚಯವಿದ್ದವರ ಸಣ್ಣ ಜಾಲದಲ್ಲಿ ಅದು ಸೌಜನ್ಯ. ಬೇಡದ ಜಾಹೀರಾತು ಪತ್ರಗಳ ವ್ಯಾಪಾರಿಗಳು ಬಂದ ಮೇಲೆ ಅದೇ ಅವರಿಗೆ ಹೆಬ್ಬಾಗಿಲಾಯಿತು. ಆ ವರ್ಷದ 8.9ನೆಯ ಆವೃತ್ತಿ ಆ ಬಾಗಿಲನ್ನು ಮುಚ್ಚಿತು. ಬೇಕಾದವರು ಬೇಕಾದಷ್ಟೇ ತೆರೆದುಕೊಳ್ಳಬೇಕಾಯಿತು. ಒಂದು ತಪ್ಪು ಉದಾಹರಣೆಯನ್ನು ನಕಲು ಮಾಡಿ ಆ ಬಾಗಿಲನ್ನು ಪೂರ್ತಿ ತೆರೆದರೆ ಜಗತ್ತಿನ ಕಸವೆಲ್ಲ ನಿಮ್ಮ ಯಂತ್ರದ ಹೆಸರಿನಲ್ಲಿ ಹೊರಹೋಗುತ್ತದೆ. ಹೀಗೆ ಉದಾಹರಣೆಯ ಸ್ಪಷ್ಟತೆ ಸುರಕ್ಷತೆಯ ಪ್ರಶ್ನೆಯೂ ಆಯಿತು.

ಎರಡನೆಯದು, ಅದೇ ಡಿಸೆಂಬರಿನಲ್ಲಿ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದ ಬಿಡುಗಡೆ. ಡಚ್ ವಿಜ್ಞಾನಿ ವೀಟ್ಸೆ ವೆನೆಮಾ ಅಮೆರಿಕದ ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಅದನ್ನು ರಚಿಸಿದರು. ಅಷ್ಟರಲ್ಲಿ ಬೇರೆಯವರೂ ಈ ದಾರಿಯಲ್ಲಿ ನಡೆದಿದ್ದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಫಿಲಿಪ್ ಹೇಜಲ್ 1995ರಲ್ಲಿ ಎಕ್ಸಿಮ್ ಬರೆದಿದ್ದರು. ಡೇನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲ್‌ನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಪುಟ್ಟ ಕಡತವಿತ್ತು. ಪೋಸ್ಟ್‌ಫಿಕ್ಸ್‌ನಲ್ಲಿ ‘ಹೆಸರು = ಬೆಲೆ’ ಎಂಬ ಸರಳ ಸಾಲುಗಳು. ಬೀಜಗಣಿತ ಓದಿದ ಯಾರಿಗಾದರೂ ಅರ್ಥವಾಗುವ ರೂಪ.

ಪೋಸ್ಟ್‌ಫಿಕ್ಸ್‌ನ ಕೈಪಿಡಿಯಲ್ಲಿ ಸಾಮಾನ್ಯ ಸಂದರ್ಭಗಳ ಉದಾಹರಣೆಗಳಿಗೇ ಮೀಸಲಾದ ಒಂದು ಅಧ್ಯಾಯವಿದೆ. ಅದರ ಕ್ರಮವನ್ನು ಗಮನಿಸಿ. ಮೊದಲ ಸಾಲಿನಲ್ಲಿ ಇದು ಯಾವ ಕಡತಕ್ಕೆ ಸೇರಿದ್ದು ಎಂಬ ಸ್ಪಷ್ಟ ಹೆಸರು. ಆಮೇಲೆ ಪ್ರತಿಯೊಂದು ಸಾಲಿಗೂ ಕ್ರಮಸಂಖ್ಯೆ. ಉದಾಹರಣೆ ಮುಗಿದ ಮೇಲೆ ‘ಅನುವಾದ’ ಎಂಬ ಶೀರ್ಷಿಕೆ. ಅದರ ಕೆಳಗೆ ಎರಡನೆಯ ಸಾಲಿನ ಅರ್ಥ ಇದು, ಮೂರನೆಯ ಸಾಲಿನ ಅರ್ಥ ಇದು ಎಂದು ಸಾಮಾನ್ಯ ಮಾತಿನಲ್ಲಿ ವಿವರಣೆ. ನಮ್ಮ ಹಳಗನ್ನಡ ಕಾವ್ಯಗಳನ್ನು ಪದ್ಯಸಂಖ್ಯೆ ಹಾಕಿ, ಕೆಳಗೆ ತಾತ್ಪರ್ಯ ಕೊಟ್ಟು ಅಚ್ಚು ಹಾಕುವುದಿಲ್ಲವೇ, ಹಾಗೆ.

ಒಂದು ಉದಾಹರಣೆ ಹೇಳುತ್ತೇನೆ. ತಾನು ಪತ್ರ ಪಡೆಯದೆ ಹೊರಗೆ ಮಾತ್ರ ಕಳುಹಿಸುವ ಯಂತ್ರದ ಹೊಂದಾಣಿಕೆಯಲ್ಲಿ ಕೊನೆಯ ಸಾಲು ‘ಮೈಡೆಸ್ಟಿನೇಷನ್ =’ ಎಂದಿದೆ. ಸಮಚಿಹ್ನೆಯ ಮುಂದೆ ಏನೂ ಇಲ್ಲ! ವಿವರಣೆಯಿಲ್ಲದಿದ್ದರೆ ಇದು ಅಚ್ಚಿನ ದೋಷವೆಂದೇ ಓದುಗ ಭಾವಿಸುತ್ತಾನೆ, ಅಲ್ಲಿ ತನಗೆ ತೋಚಿದ್ದನ್ನು ತುಂಬುತ್ತಾನೆ. ಕೆಳಗಿನ ವಿವರಣೆ ಮಾತ್ರ ಹೇಳುತ್ತದೆ: ಪತ್ರವನ್ನು ಈ ಯಂತ್ರದಲ್ಲಿಯೇ ಬಟವಾಡೆ ಮಾಡುವುದನ್ನು ಇದು ನಿಲ್ಲಿಸುತ್ತದೆ. ಖಾಲಿ ಇರುವುದೇ ಅದರ ಅರ್ಥ. ಸೆಂಡ್‌ಮೇಲ್‌ನ ಕಾಣದ ಟ್ಯಾಬ್‌ಗೂ ಇದಕ್ಕೂ ಇರುವ ಅಂತರ ನೋಡಿ. ಎರಡೂ ಕಡೆ ಶೂನ್ಯಕ್ಕೆ ಅರ್ಥವಿದೆ. ಇಲ್ಲಿ ಆ ಅರ್ಥವನ್ನು ಬಾಯಿಬಿಟ್ಟು ಹೇಳಿದ್ದಾರೆ.

ಹಾಗೆಂದು ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಈ ಕೈಪಿಡಿಯಲ್ಲಿ ಉದಾಹರಣೆಯ ಸಾಲುಗಳನ್ನು ಅಂದಕ್ಕಾಗಿ ಸ್ವಲ್ಪ ಒಳಗೆ ಸರಿಸಿ ಬರೆದಿರುತ್ತಾರೆ. ಆದರೆ ಪೋಸ್ಟ್‌ಫಿಕ್ಸ್ ಕಡತದಲ್ಲಿ ಖಾಲಿ ಜಾಗದಿಂದ ಆರಂಭವಾದ ಸಾಲು ಹಿಂದಿನ ಸಾಲಿನ ಮುಂದುವರಿಕೆ. ಇದ್ದ ಹಾಗೆಯೇ ಎತ್ತಿ ಅಂಟಿಸಿದರೆ ಎರಡು ಸಾಲು ಒಂದಾಗಿಬಿಡುತ್ತದೆ. ಓದಲು ನೆರವಾದ ಕ್ರಮಸಂಖ್ಯೆಯನ್ನೂ ಸೇರಿಸಿ ಅಂಟಿಸಿದರೆ ಇನ್ನೊಂದು ತೊಂದರೆ. ಓದಲು ಅನುಕೂಲವಾದದ್ದು ನಕಲಿಗೆ ಅನುಕೂಲವಾಗಲೇಬೇಕೆಂದಿಲ್ಲ.

ಗುರುತುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬದಲಾಯಿಸಬೇಕಾದ ಪದವನ್ನು ಕೋನಾವರಣದಲ್ಲಿ ಬರೆಯುವುದು ಎಷ್ಟೋ ಕೈಪಿಡಿಗಳ ವಾಡಿಕೆ. ಆದರೆ ಮಿಂಚಂಚೆಯ ವಿಳಾಸದಲ್ಲಿ ಕೋನಾವರಣಕ್ಕೆ ಅದರದೇ ಅರ್ಥವಿದೆ. ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ? ‘$’ ಚಿಹ್ನೆಯದೂ ಅದೇ ಕಥೆ. ಪೋಸ್ಟ್‌ಫಿಕ್ಸ್‌ನಲ್ಲಿ ‘$ಮೈಡೊಮೇನ್’ ಎಂದರೆ ಬೇರೆಡೆ ಕೊಟ್ಟ ಬೆಲೆಯನ್ನು ಇಲ್ಲಿಗೆ ತಾ ಎಂದು. ಅದನ್ನು ಹಾಗೆಯೇ ಬರೆಯಬೇಕು. ಹೊಸಬನಿಗೆ ಅದು ತುಂಬಬೇಕಾದ ಜಾಗದಂತೆ ಕಾಣುತ್ತದೆ. ಯಾವ ಗುರುತನ್ನು ಬಳಸಿದರೂ ಅದರ ಅರ್ಥವನ್ನು ಪುಸ್ತಕದ ಆರಂಭದಲ್ಲಿಯೇ ಹೇಳಿ, ಕೊನೆಯವರೆಗೂ ಅದನ್ನೇ ಪಾಲಿಸುವುದು ಒಂದೇ ದಾರಿ.

ನಿಮಗೊಂದು ಕೆಲಸ

ಈ ಇತಿಹಾಸದಿಂದ ನಾವು ತಿಳಿಯಬಹುದಾದದ್ದೇನು? ಒಳ್ಳೆಯ ಉದಾಹರಣೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಇದನ್ನು ಎಲ್ಲಿ ಬರೆಯಬೇಕು? ಇದರಲ್ಲಿ ಯಾವುದನ್ನು ಬದಲಾಯಿಸಬೇಕು? ಪ್ರತಿಯೊಂದು ಸಾಲಿನ ಅರ್ಥವೇನು? ಸರಿಯಾಯಿತೆಂದು ಹೇಗೆ ತಿಳಿಯುವುದು? ಕೊನೆಯ ಪ್ರಶ್ನೆಯನ್ನು ಲೇಖಕರು ಹೆಚ್ಚಾಗಿ ಮರೆಯುತ್ತಾರೆ. ‘ಹೊರಗಿನ ವಿಳಾಸಕ್ಕೆ ಒಂದು ಪತ್ರ ಕಳುಹಿಸಿ ನೋಡಿ’ ಎಂಬ ಮಾತು ನನ್ನ ಕೈಪಿಡಿಯಲ್ಲಿ ಇದ್ದಿದ್ದರೆ ಆ ಶಿಕ್ಷಕರು ಅಂದು ಬರುತ್ತಿದ್ದರು.

ನೀವು ಮುಂದೆ ಎಂಜಿನಿಯರೇ ಆಗಬೇಕೆಂದಿಲ್ಲ. ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಯುವಾಗ, ಗೆಳೆಯರಿಗೆ ಅರ್ಜಿ ತುಂಬುವುದನ್ನು ಹೇಳಿಕೊಡುವಾಗ, ಮನೆಯಲ್ಲಿ ಅಜ್ಜಿಗೆ ಮೊಬೈಲಿನಲ್ಲಿ ಹಣ ಕಳುಹಿಸುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡುವಾಗ, ನೀವೂ ಉದಾಹರಣೆಯ ಲೇಖಕರೇ. ಬರೆದ ಮೇಲೆ ಒಂದು ಕೆಲಸ ಮಾಡಿ. ಆ ವಿಷಯ ಏನೂ ತಿಳಿಯದ ಒಬ್ಬರ ಕೈಗೆ ಅದನ್ನು ಕೊಡಿ. ಅವರು ಅದರಂತೆ ಮಾಡುವಾಗ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿ, ಬಾಯಿ ಹಾಕಬೇಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ಬರವಣಿಗೆ ಕೆಟ್ಟಿದೆ ಎಂದು ತಿಳಿಯಿರಿ. ಅವರನ್ನು ಬೈಯದೆ ಆ ಸಾಲನ್ನು ತಿದ್ದಿ.

ಇನ್ನು ಆ ಜ್ವರದ ಹುಡುಗ. ಮುಂದಿನ ಸಲ ಯಾರಾದರೂ ‘ಅ ಬ ಕ’ ಎಂದು ಸಹಿ ಹಾಕಿ ಪತ್ರ ಕಳುಹಿಸಿದರೆ ನಗಬೇಡಿ. ವ್ಯಾಕರಣ ಪುಸ್ತಕವನ್ನು ತೆಗೆದು, ಆ ಮೂರು ಅಕ್ಷರಗಳ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಬರೆಯಿರಿ: ಇಲ್ಲಿ ನಿನ್ನ ಹೆಸರು.